ಅಲರ್ಜಿ ಇರುವ ಮಗು, ಮನೆಗೊಂದು ನಾಯಿ: ಆರಿಸುವುದು ಹೇಗೆ?

ತುಮಕೂರಿನ ನಮ್ಮ ಬೀದಿಗೆ ಎರಡು ವರ್ಷದಲ್ಲಿ ಮೂರು ನಾಯಿಮರಿಗಳು ಬಂದವು, ಮೂರೂ ವಾಪಸ್ ಹೋದವು. ಮೂರು ಮನೆಯಲ್ಲೂ ಅಲರ್ಜಿ ಇರುವ ಮಕ್ಕಳಿದ್ದರು. ಮೂವರೂ ‘ಕೂದಲು ಉದುರದ ಜಾತಿ’ ಅಂತ ಕೇಳಿ, ಜಾಸ್ತಿ ದುಡ್ಡು ಕೊಟ್ಟೇ ತಂದಿದ್ದರು. ಮೂರನೆಯ ಮರಿಯನ್ನು ಕಾರಿಗೆ ಹತ್ತಿಸುವಾಗ ಆ ಮನೆಯ ಹುಡುಗ ಗೇಟಿನ ಸರಳು ಹಿಡಿದು ನಿಂತಿದ್ದ. ಕಣ್ಣು ಕೆಂಪಗಿತ್ತು. ಅಲರ್ಜಿಗೋ, ಅತ್ತಿದ್ದಕ್ಕೋ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲೂ ಅಲರ್ಜಿ ಇರುವ ಮಗಳಿದ್ದಾಳೆ. ಐದು ವರ್ಷದಿಂದ ನಾಯಿಯೂ ಇದೆ. ಅದನ್ನು ಆರಿಸುವುದಕ್ಕೆ ನಮಗೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು ತಿಳಿದಿರಲಿ. ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲು, ಮೈಹೊಟ್ಟು, ಮೂತ್ರದಲ್ಲಿ ಇರುವ ಪ್ರೋಟೀನ್‌ಗಳು ತರುತ್ತವೆ. ಅವುಗಳಲ್ಲಿ ಮುಖ್ಯವಾದದ್ದನ್ನು ಕ್ಯಾನ್ ಎಫ್ 1 ಎನ್ನುತ್ತಾರೆ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಕೂದಲ ಮೇಲೆ ಒಣಗುತ್ತದೆ, ಹೊಟ್ಟಿನ ಜೊತೆ ಪುಡಿಯಾಗಿ ಗಾಳಿಗೆ ಸೇರುತ್ತದೆ. ಕೂದಲು ಕಡಿಮೆ ಉದುರಿದರೆ ಸೋಫಾ ಮೇಲೆ ಕಸ ಕಡಿಮೆ ಬೀಳುತ್ತದೆ, ನಿಜ. ಆದರೆ ಈ ಪ್ರೋಟೀನ್ ಇಲ್ಲದ ನಾಯಿ ಅಂತ ಯಾವುದೂ ಇಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿರುವ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ನಾಯಿ ಸಾಕಿದ ಮನೆಗಳ ಧೂಳನ್ನು ಪರೀಕ್ಷೆ ಮಾಡಿ 2011ರಲ್ಲಿ ವರದಿ ಕೊಟ್ಟರು. ‘ಹೈಪೋಅಲರ್ಜೆನಿಕ್’, ಅಂದರೆ ಅಲರ್ಜಿ ಕಡಿಮೆ ತರುತ್ತವೆ ಎನ್ನುವ ತಳಿಗಳ ಮನೆಯಲ್ಲೂ ಮಾಮೂಲಿ ನಾಯಿಗಳ ಮನೆಯಲ್ಲೂ ಕ್ಯಾನ್ ಎಫ್ 1 ಹೆಚ್ಚುಕಡಿಮೆ ಅಷ್ಟೇ ಇತ್ತು. ಮರುವರ್ಷ ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ ಆ ತಳಿಗಳ ಕೂದಲಿನಲ್ಲೇ ಅದು ಹೆಚ್ಚಾಗಿ ಸಿಕ್ಕಿತು.

ಹಾಗಾದರೆ ಅಲರ್ಜಿ ಇರುವ ಮಕ್ಕಳು ಕೆಲವು ನಾಯಿಗಳ ಜೊತೆ ಆರಾಮಾಗಿ ಇರುವುದು ಹೇಗೆ? ನಾಯಿಯಿಂದ ನಾಯಿಗೆ ವ್ಯತ್ಯಾಸ ಇರುತ್ತದೆ, ಅದಕ್ಕೆ. ಒಂದೇ ಸೂಲಿನ ಮರಿಗಳಲ್ಲೂ ಇರುತ್ತದೆ. ಲ್ಯಾಬ್ರಡೂಡಲ್ ಎಂಬ ಮಿಶ್ರ ತಳಿ ಹೆಸರಾದದ್ದು 1989ರಲ್ಲಿ, ಆಸ್ಟ್ರೇಲಿಯಾದಲ್ಲಿ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರಿಸುವ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಎಂಬುವರು ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿ ಮೂರು ಮರಿ ಪಡೆದರು. ಮೂರರ ಕೂದಲು, ಜೊಲ್ಲನ್ನೂ ಆ ಮನೆಗೆ ಕಳಿಸಿ ನೋಡಿದರೆ ಹೊಂದಿದ್ದು ಒಂದೇ ಮರಿ. ಒಂದೇ ತಾಯಿಯ ಮೂರರಲ್ಲಿ ಎರಡು ಆಗಲಿಲ್ಲ. ನೀವು ಹುಡುಕಬೇಕಾದದ್ದೂ ಹಾಗೆ, ನಿಮ್ಮ ಮಗುವಿಗೆ ಹೊಂದುವ ಆ ಒಂದು ನಾಯಿಯನ್ನು.

ಹಂತ 1: ಅಲರ್ಜಿ ನಾಯಿಗೇನಾ, ಮೊದಲು ನೋಡಿ

ನನ್ನ ಅಕ್ಕನ ಮನೆ ತಿಪಟೂರಿನ ಹತ್ತಿರ. ಅಟ್ಟದ ತುಂಬ ಕೊಬ್ಬರಿಗೆ ಇಟ್ಟ ಕಾಯಿ. ಬೇಸಿಗೆ ರಜೆಗೆ ಹೋದಾಗಲೆಲ್ಲ ನನ್ನ ಮಗಳು ಸೀನುತ್ತಿದ್ದಳು. ಎಲ್ಲರೂ ಬೈದದ್ದು ಅಂಗಳದ ನಾಯಿಯನ್ನು. ಒಂದೊಂದು ಅಲರ್ಜಿ ವಸ್ತುವಿನ ಹನಿ ಇಟ್ಟು ಚರ್ಮ ಚುಚ್ಚಿ ಪರೀಕ್ಷೆ ಮಾಡಿಸಿದಾಗ ಜೋರಾಗಿ ಉಬ್ಬಿದ್ದು ಧೂಳಿನ ಸೂಕ್ಷ್ಮ ಹುಳದ ಚುಕ್ಕೆ. ನಾಯಿಯ ಚುಕ್ಕೆ ಸ್ವಲ್ಪ ಮಾತ್ರ ಉಬ್ಬಿತ್ತು. ತುಮಕೂರಿನ ಖಾಲಿ ಸೈಟುಗಳಲ್ಲಿ ಮಳೆ ಬಂದ ಮೇಲೆ ಕಾಂಗ್ರೆಸ್ ಗಿಡ ಹೂ ಬಿಡುತ್ತದೆ. ಅದರ ಪರಾಗಕ್ಕೆ ಮೂಗು ಸೋರುವ ಮಕ್ಕಳೂ ಇದ್ದಾರೆ. ಜಿರಳೆಗೂ ಅಲರ್ಜಿ ಆಗುತ್ತದೆ.

ಮಕ್ಕಳ ಡಾಕ್ಟರು ಅಥವಾ ಅಲರ್ಜಿ ತಜ್ಞರ ಹತ್ತಿರ ಚರ್ಮ ಚುಚ್ಚಿ ನೋಡುವ ಪರೀಕ್ಷೆ ಮಾಡಿಸಿ. ಹದಿನೈದಿಪ್ಪತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅದಕ್ಕೆ ಮುಂಚೆ ಕೆಲವು ದಿನ ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ಮಾತ್ರೆ ನಿಲ್ಲಿಸಲು ಆಗದಿದ್ದರೆ ರಕ್ತ ಪರೀಕ್ಷೆ ಇದೆ. ರಕ್ತ ಪರೀಕ್ಷೆಯಲ್ಲಿ ಯಾವ ಪ್ರೋಟೀನಿಗೆ ಅಲರ್ಜಿ ಎಂದೂ ಬಿಡಿಸಿ ನೋಡಬಹುದು. ಕ್ಯಾನ್ ಎಫ್ 5 ಎಂಬುದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪ್ರೋಟೀನ್. ಅದೊಂದಕ್ಕೆ ಮಾತ್ರ ಅಲರ್ಜಿ ಇದ್ದರೆ ಹೆಣ್ಣು ನಾಯಿ ಜೊತೆ ಮಗು ಸುಖವಾಗಿರುವ ಸಾಧ್ಯತೆ ಜಾಸ್ತಿ.

ಮಗುವಿಗೆ ಉಬ್ಬಸ ಇದ್ದು, ಇನ್ನೂ ಹತೋಟಿಗೆ ಬಂದಿಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ. ‘ನಾಯಿ ಜೊತೆ ಬೆಳೆದರೆ ಒಗ್ಗಿಹೋಗುತ್ತೆ ಬಿಡು’ ಅಂತ ಹಿರಿಯರು ಹೇಳುತ್ತಾರೆ. ಅಲರ್ಜಿ ಆಗಲೇ ಶುರುವಾಗಿರುವ ಮಗುವಿನ ಎದೆಯ ಮೇಲೆ ಆ ಮಾತನ್ನು ಪರೀಕ್ಷೆ ಮಾಡಬೇಡಿ.

ಹಂತ 2: ಯಾವ ತಳಿ?

ತಳಿ ನೋಡಿ ಅಲರ್ಜಿ ಬರಲ್ಲ ಅನ್ನುವಂತಿಲ್ಲ, ಆದರೂ ಮನೆಯಲ್ಲಿ ಕಸ ಕಡಿಮೆ ಬೀಳಲಿ ಅಂದರೆ ಕೂದಲು ಕಡಿಮೆ ಉದುರುವ ತಳಿಗಳಲ್ಲಿ ನಮ್ಮ ಕಡೆ ಸಿಗುವುದು ಪೂಡಲ್, ಶಿಟ್ಜು, ಲಾಸಾ ಆಪ್ಸೊ, ಮಾಲ್ಟೀಸ್. ನನ್ನನ್ನು ಕೇಳಿದರೆ ಚಿಕ್ಕ ಪೂಡಲ್. ಶಿಟ್ಜು ಬೇಡವೇ ಬೇಡ. ಅದರ ಮೂಗು ಚಪ್ಪಟೆ, ನಮ್ಮ ಏಪ್ರಿಲ್ ಬಿಸಿಲಿಗೆ ಏದುಸಿರು ಬಿಡುತ್ತದೆ, ಕಣ್ಣಿನ ತೊಂದರೆಯೂ ಜಾಸ್ತಿ. ನಾವು ಪೊಮೇರಿಯನ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಬಹಳಷ್ಟು ಇಂಡಿಯನ್ ಸ್ಪಿಟ್ಸ್. ನೋಡಲು ಮುದ್ದು, ಆದರೆ ಕೂದಲು ಉದುರುವುದು ನಿಲ್ಲುವುದೇ ಇಲ್ಲ. ಲ್ಯಾಬ್ರಡಾರ್ ಕೂಡ ಹಾಗೇ.

ಉದುರದ ಕೂದಲು ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚಬೇಕು, ಐದಾರು ವಾರಕ್ಕೊಮ್ಮೆ ಕತ್ತರಿಸಬೇಕು. ಬಿಟ್ಟರೆ ಜಡೆಗಟ್ಟಿ, ಅಡಿಯಲ್ಲಿ ಚರ್ಮ ಹುಣ್ಣಾಗುತ್ತದೆ. ಬಾಚಿ ಕತ್ತರಿಸುವವರು ನಿಮ್ಮ ಊರಿನಲ್ಲಿ ಯಾರಿದ್ದಾರೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಪ್ರತಿ ಸಲ ಬೆಂಗಳೂರಿಗೆ ಓಡುತ್ತೇವೆ ಅಂತ ಹೊರಟವರು ಮೂರನೇ ಸಲಕ್ಕೆ ನಿಲ್ಲಿಸಿದ್ದನ್ನು ಕಂಡಿದ್ದೇನೆ. ಬೇಸಿಗೆಯಲ್ಲಿ ನುಣ್ಣಗೆ ಬೋಳಿಸಿಬಿಡುವುದೂ ತಪ್ಪು. ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ, ಹೊಟ್ಟಂತೂ ಏಳುವುದು ಏಳುತ್ತಲೇ ಇರುತ್ತದೆ.

ಹೆಣ್ಣು ನಾಯಿ ತನ್ನಿ. ಮರಿ ಹಾಕುತ್ತದೆ ಅಂತ ನಮ್ಮಲ್ಲಿ ದೂರ ಇಡುತ್ತಾರೆ. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಆ ಚಿಂತೆ ಇಲ್ಲ.

ಹಂತ 3: ಭೇಟಿಗಳು

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಅಂಗಡಿಗೆ ಹೋಗುತ್ತಾರೆ, ಆಗ ತಾನೇ ಸ್ನಾನ ಮಾಡಿಸಿ ಪೌಡರ್ ಹಾಕಿದ ಮರಿಯನ್ನು ಮಗುವಿನ ಕೈಗೆ ಐದು ನಿಮಿಷ ಕೊಡುತ್ತಾರೆ. ಸೀನು ಬರಲಿಲ್ಲ, ಕೊಂಡರು. ಮಗು ಬೆಳಿಗ್ಗೆ ಅಲರ್ಜಿ ಮಾತ್ರೆ ನುಂಗಿತ್ತು ಅನ್ನುವುದು ಯಾರಿಗೂ ನೆನಪಿಲ್ಲ. ಮರಿಯ ಮೈ ಚಿಕ್ಕದು, ಬೆಳೆದ ಮೇಲೆ ಹೊಟ್ಟೂ ಜಾಸ್ತಿ, ಜೊಲ್ಲೂ ಜಾಸ್ತಿ ಅನ್ನುವುದೂ ನೆನಪಿಲ್ಲ.

ಹೀಗೆ ಮಾಡಿ. ಆದಷ್ಟೂ ಒಂದೂವರೆ, ಎರಡು ವರ್ಷದ ಬೆಳೆದ ನಾಯಿಯನ್ನೇ ಹುಡುಕಿ. ಊರು ಬಿಟ್ಟು ಹೋಗುವವರು, ಸಾಕಲಾಗದವರು ಒಳ್ಳೆ ಮನೆ ಹುಡುಕುತ್ತಿರುತ್ತಾರೆ. ಮರಿಯೇ ಬೇಕು ಅಂದರೆ ಅದರ ತಾಯಿಯ ಜೊತೆಗೂ ಮಗುವನ್ನು ಬಿಟ್ಟು ನೋಡಿ. ಆದರೂ ಅದು ಅಂದಾಜು ಅಷ್ಟೇ, ಮರಿ ತಾಯಿಯ ಹಾಗೇ ಇರಬೇಕೆಂದಿಲ್ಲ.

ಒಟ್ಟು ನಾಲ್ಕು ಭೇಟಿ ಬೇಕು, ನಡುವೆ ಎರಡು ಮೂರು ದಿನ ಬಿಡುವು. ಈ ಅವಧಿಯಲ್ಲಿ ಮಗುವಿಗೆ ನೆಗಡಿ, ಜ್ವರ ಇರಬಾರದು. ಅಲರ್ಜಿ ಮಾತ್ರೆಯನ್ನು ಡಾಕ್ಟರು ಒಪ್ಪಿದರೆ ಮಾತ್ರ ನಿಲ್ಲಿಸಿ. ಉಬ್ಬಸದ ಇನ್‌ಹೇಲರ್ ನಿಲ್ಲಿಸಲೇಬೇಡಿ, ಜೊತೆಗೆ ಒಯ್ಯಿರಿ. ನಾಯಿಯ ಮನೆಯವರಿಗೆ ಫೋನ್ ಮಾಡಿ ಒಂದು ಮಾತು ಹೇಳಿ: ‘ದಯವಿಟ್ಟು ನಾಲ್ಕು ದಿನದಿಂದ ಸ್ನಾನ ಮಾಡಿಸಬೇಡಿ’. ನಮ್ಮ ಜನ ಮನೆಗೆ ಯಾರಾದರೂ ಬರುತ್ತಾರೆ ಅಂದರೆ ನಾಯಿಯನ್ನೂ ತೊಳೆದು ಇಡುತ್ತಾರೆ. ತೊಳೆದ ನಾಯಿಯ ಮೇಲೆ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ.

ಜಗಲಿಯಲ್ಲಿ, ಟೆರೇಸಿನಲ್ಲಿ ಕೂರಬೇಡಿ. ಅಮಾನಿಕೆರೆಯ ಹತ್ತಿರ ವಾಕಿಂಗ್‌ನಲ್ಲಿ ಸಿಕ್ಕ ನಾಯಿಯನ್ನು ಮುಟ್ಟಿಸಿ ನೋಡಿದ್ದೂ ಸಾಲದು. ಗಾಳಿ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ. ನಾಯಿ ದಿನಾ ಮಲಗುವ ಕೋಣೆಯ ಒಳಗೇ ಕೂರಬೇಕು. ಮೊದಲ ಸಲ ಇಪ್ಪತ್ತು ನಿಮಿಷ, ಮುಟ್ಟದೆ. ಎರಡನೇ ಸಲ ಅರ್ಧ ಗಂಟೆ, ಬೆನ್ನು ಸವರಲಿ, ಆಮೇಲೆ ಕೈ ತೊಳೆಯಲಿ. ಮೂರನೇ ಸಲ ಒಂದು ಗಂಟೆ ಆಟ. ಕೈ ನೆಕ್ಕಿದರೆ ನೆಕ್ಕಲಿ. ನಾಲ್ಕನೇ ಸಲ ಎರಡು ಗಂಟೆ, ಮಗು ಅಲ್ಲೇ ಹೋಂವರ್ಕ್ ಮಾಡಿಕೊಳ್ಳಲಿ. ಯಾವ ಹಂತದಲ್ಲೇ ಆಗಲಿ ಕೆಮ್ಮು, ಎದೆಯಲ್ಲಿ ಸುಯ್ ಸದ್ದು ಬಂದರೆ ಎದ್ದು ಹೊರಡಿ, ಡಾಕ್ಟರಿಗೆ ತೋರಿಸಿ. ಆ ನಾಯಿ ನಿಮ್ಮದಲ್ಲ.

ಮಗುವಿಗೆ ಇದು ಪರೀಕ್ಷೆ ಅಂತ ಹೇಳಲೇಬೇಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲು ನೋಡಿದ ನಾಯಿ ಒಂದು ಲಾಸಾ. ಮೂರನೇ ಭೇಟಿ. ಮಗಳು ಚಾಪೆ ಮೇಲೆ ಕೂತಿದ್ದಳು, ನಾಯಿ ಅವಳ ಮಣಿಕಟ್ಟು ನೆಕ್ಕುತ್ತಿತ್ತು. ನಾನು ಕಾಫಿ ಲೋಟ ತೆಗೆದುಕೊಳ್ಳಲು ತಿರುಗಿದಾಗ ಅವಳು ಬೇಗ ಫ್ರಾಕಿನ ಅಂಚಿನಿಂದ ಮೂಗು ಒರೆಸಿಕೊಂಡಳು. ‘ಏನಾಯ್ತೇ?’ ಅಂದೆ. ‘ಏನೂ ಇಲ್ಲ ಅಮ್ಮ’ ಅಂದಳು, ಬಾಯಲ್ಲಿ ಉಸಿರಾಡುತ್ತಾ. ಕೈ ತಿರುಗಿಸಿ ನೋಡಿದೆ. ನೆಕ್ಕಿದ ಜಾಗದಲ್ಲಿ ಸೊಳ್ಳೆ ಕಚ್ಚಿದಂಥ ಗಂಧೆಗಳು ಸಾಲಾಗಿ ಎದ್ದಿದ್ದವು. ನಾಯಿ ಬೇಕು ಅನ್ನುವ ಆಸೆಗೆ ಮಕ್ಕಳು ಎಲ್ಲವನ್ನೂ ಮುಚ್ಚಿಡುತ್ತಾರೆ. ಅದಾದ ಮೇಲೆ ನಾವು ‘ಆಂಟಿ ಮನೆಗೆ ಹೋಗಿ ಬರೋಣ’ ಅಂತಷ್ಟೇ ಹೇಳುತ್ತಿದ್ದೆವು.

ಒಂದು ನೋಟ್‌ಬುಕ್ ಇಡಿ. ಕಣ್ಣು, ಮೂಗು, ಗಂಟಲು, ಚರ್ಮ, ಕೆಮ್ಮು, ನಿದ್ದೆ ಎಂದು ಆರು ಕಲಂ. ಏನೂ ಇಲ್ಲದಿದ್ದರೆ ಸೊನ್ನೆ, ಜೋರಾಗಿದ್ದರೆ ಮೂರು. ಅಲ್ಲಿ ಕೂತ ಇಪ್ಪತ್ತು ನಿಮಿಷಕ್ಕೆ, ಮನೆಗೆ ಬಂದ ಮೇಲೆ, ಮಲಗುವಾಗ, ಮಾರನೇ ಬೆಳಿಗ್ಗೆ, ನಾಲ್ಕು ಸಲ ಬರೆಯಬೇಕು. ಅಲರ್ಜಿ ತಕ್ಷಣವೇ ಬರಬೇಕೆಂದಿಲ್ಲ. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೂ ಬರುತ್ತದೆ. ಸಂಜೆ ನಗುನಗುತ್ತಾ ಬಂದ ಮಗು ರಾತ್ರಿ ಎರಡಕ್ಕೆ ಕೆಮ್ಮುತ್ತಾ ಎದ್ದು ಕೂರುತ್ತದೆ, ಅಪ್ಪ ಅಮ್ಮ ಫ್ಯಾನ್ ಗಾಳಿಯನ್ನು ಬೈಯುತ್ತಾರೆ.

ನಾಲ್ಕೂ ಭೇಟಿ ಸಲೀಸಾಗಿ ಕಳೆದರೆ ಕೊನೆಗೆ ಟವೆಲ್. ನಾಯಿ ಮೂರು ರಾತ್ರಿ ಮಲಗಿದ ಹಳೆ ಟವೆಲನ್ನು ಕವರ್‌ನಲ್ಲಿ ಕಟ್ಟಿ ತನ್ನಿ. ಮಗು ಓದುವ, ಟಿವಿ ನೋಡುವ ಹಾಲ್‌ನಲ್ಲಿ ಎರಡು ದಿನ ಹಾಸಿಡಿ, ಮಲಗುವ ಕೋಣೆಯಲ್ಲಿ ಬೇಡ. ನಾಯಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಮಗು ನಟನೆ ಮಾಡುವುದಿಲ್ಲ. ಉಬ್ಬಸದ ಇತಿಹಾಸ ಇರುವ ಮಗುವಾದರೆ ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ. ಮುಗಿದ ಮೇಲೆ ಟವೆಲನ್ನು ಬಿಸಿನೀರಿನಲ್ಲಿ ಒಗೆದು, ನೆಲ ಒರೆಸಿ. ನಾವು ನಾಲ್ಕು ನಾಯಿ ನೋಡಿದೆವು. ಟವೆಲ್ ದಾಟಿದ್ದು ನಾಲ್ಕನೆಯದು, ಎರಡು ವರ್ಷದ ಕಂದು ಪೂಡಲ್. ಅದಕ್ಕೂ ಮೊದಲು ನೋಡಿದ್ದರಲ್ಲಿ ಒಂದು ಅದೇ ತಳಿಯದ್ದೇ, ಅದರ ಹತ್ತಿರ ಕೂತರೆ ಇವಳ ಕಣ್ಣು ಊದಿಕೊಳ್ಳುತ್ತಿತ್ತು.

ಹಂತ 4: ಕೊಳ್ಳುವುದು

‘ಮೇಡಂ, ಈ ಜಾತಿಗೆ ಅಲರ್ಜೀನೇ ಬರಲ್ಲ, ಗ್ಯಾರಂಟಿ’ ಅಂದವರಿಂದ ಕೊಳ್ಳಬೇಡಿ. ಫೋಟೊ ತೋರಿಸಿ ಮುಂಗಡ ಕೇಳುವವರಿಂದಂತೂ ಬೇಡವೇ ಬೇಡ. ನಮ್ಮ ಬೀದಿಯ ಒಬ್ಬರು ಹಾಗೆ ತರಿಸಿಕೊಂಡ ‘ಡೂಡಲ್’ (ಪೂಡಲ್ ಮಿಶ್ರ ತಳಿ) ಆರು ತಿಂಗಳಿಗೆ ಮನೆ ತುಂಬ ಕೂದಲು ಉದುರಿಸತೊಡಗಿತು. 2017ರ ಕೇಂದ್ರ ನಿಯಮದ ಪ್ರಕಾರ ನಾಯಿ ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ, ಲಸಿಕೆ ಪುಸ್ತಕ ಕೇಳಿ ನೋಡಿ. ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬರೆಸಿಕೊಳ್ಳಿ.

ಹಂತ 5: ಮನೆ

ಮಗುವಿನ ಮಲಗುವ ಕೋಣೆಗೆ ನಾಯಿ ಒಂದು ದಿನವೂ ಕಾಲಿಡಬಾರದು. ಚಳಿಗಾಲದಲ್ಲೂ ಇಲ್ಲ, ಗುಡುಗಿಗೆ ಹೆದರಿದಾಗಲೂ ಇಲ್ಲ. ಜಮಖಾನ, ದಪ್ಪ ಪರದೆ ತೆಗೆದುಬಿಡಿ. ಒಣ ಪೊರಕೆ ಹಿಡಿದು ಗುಡಿಸಿದರೆ ಹೊಟ್ಟು ಮೇಲೇಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಮ್ಮ ರೆಡ್ ಆಕ್ಸೈಡ್ ನೆಲ, ಟೈಲ್ಸ್ ನೆಲ ಇದಕ್ಕೆ ಒಳ್ಳೆಯದು.

ದುಡ್ಡಿದ್ದರೆ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ತೆಗೆದುಕೊಳ್ಳಿ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುವುದು ಅದರ ಅಳತೆ. ಓಝೋನ್ ಬಿಡುವ ಯಂತ್ರ ಬೇಡ, ಅದು ಶ್ವಾಸಕೋಶವನ್ನೇ ಕೆರಳಿಸುತ್ತದೆ. ನಾಯಿ ಮೈಗೆ ಹೊಡೆಯುವ ‘ಅಲರ್ಜಿ ತಡೆ’ ಸ್ಪ್ರೇ ಎರಡು ಬಾಟಲಿ ತಂದು ನೋಡಿದ್ದೇನೆ. ವಾಸನೆ ಬಂತು, ಮಗಳ ಮೂಗಿಗೆ ಏನೂ ವ್ಯತ್ಯಾಸ ಆಗಲಿಲ್ಲ.

ಹಂತ 6: ನಾಯಿ ಬಂದ ಮೇಲೆ

ಸ್ನಾನದಿಂದ ಪ್ರೋಟೀನ್ ಕಡಿಮೆ ಆಗುತ್ತದೆ, ಆದರೆ ಕೆಲವೇ ದಿನ. ವಾರಕ್ಕೆ ಎರಡು ಸಲ ತೊಳೆದರೆ ಮಾತ್ರ ಉಪಯೋಗ. ನಾವು ವಾರಕ್ಕೊಮ್ಮೆ ನಾಯಿಗಳ ಶಾಂಪೂ, ಇನ್ನೊಮ್ಮೆ ಬರೀ ನೀರು ಬಳಸುತ್ತೇವೆ. ನಮ್ಮ ಶಾಂಪೂ, ಸೋಪು ಹಾಕಿದರೆ ಅದರ ಚರ್ಮ ಒಣಗಿ ಹೊಟ್ಟು ಇನ್ನೂ ಜಾಸ್ತಿ ಆಗುತ್ತದೆ. ತೊಳೆಯುವುದು, ಬಾಚುವುದು ದೊಡ್ಡವರ ಕೆಲಸ, ಮನೆಯ ಹೊರಗೆ. ಮುದ್ದೆ ಹಾಕುವುದಿದ್ದರೆ ಈರುಳ್ಳಿ ಬಿದ್ದ ಸಾರು ಕಲಸಬೇಡಿ, ಈರುಳ್ಳಿ ನಾಯಿಗೆ ವಿಷ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಹಾಗೆ.

ಮೊದಲ ಮೂರು ತಿಂಗಳು ಅದೇ ನೋಟ್‌ಬುಕ್ ಮುಂದುವರಿಸಿ, ದಿನಕ್ಕೊಂದು ಸಾಲು ಸಾಕು. ಅಂಕಿ ಏರುತ್ತಾ ಹೋದರೆ ಸುಮ್ನೆ ಕಾಯಬೇಡಿ, ಪುಸ್ತಕವನ್ನೇ ಡಾಕ್ಟರ ಮುಂದೆ ಇಡಿ. ವಾಪಸ್ ಕೊಡಲೇಬೇಕಾಗಿ ಬಂದರೆ ಬೇಗ ಕೊಡಿ, ಬರೆಸಿಕೊಂಡ ಮನೆಗೇ ಕೊಡಿ, ಮಗುವಿಗೆ ಮುಂಚೆಯೇ ಹೇಳಿ ಕೊಡಿ. ನಾಯಿ ಹೋದ ಮೇಲೂ ಅದರ ಹೊಟ್ಟು ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಾರನೇ ದಿನವೇ ಕೆಮ್ಮು ನಿಲ್ಲಲಿಲ್ಲ ಅಂತ ಗಾಬರಿ ಬೀಳಬೇಡಿ, ಹಾಸಿಗೆ, ದಿಂಬು, ಸೋಫಾ ಕವರ್ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆಯಿರಿ.