ಆಟ ತಡವರಿಸುತ್ತಿದೆಯೇ? ರೂಟರ್‌ ಸೆಟ್ಟಿಂಗ್ ಬದಲಿಸುವ ಮುನ್ನ

ಪಂದ್ಯದ ನಡುವೆ ಆನ್‌ಲೈನ್ ಆಟ ತಡವರಿಸುವುದು, ಆಟದೊಳಗಿನ ಗೆಳೆಯರ ಗುಂಪಿಗೆ (ಪಾರ್ಟಿ) ಸೇರಲು ಆಗದಿರುವುದು, ಗುಂಪಿನಲ್ಲಿ ಒಬ್ಬರ ದನಿ ಮಾತ್ರ ಕೇಳಿಸದಿರುವುದು ಮೇಲ್ನೋಟಕ್ಕೆ ಒಂದೇ ತೊಂದರೆಯಂತೆ ಕಾಣುತ್ತವೆ. ಆದರೆ ಮೊದಲನೆಯದು ಬಹುಪಾಲು ವೈಫೈನದ್ದೋ ಲೈನಿನದ್ದೋ ದೋಷವಾಗಿದ್ದರೆ, ಉಳಿದೆರಡು ಹೆಚ್ಚಾಗಿ ‘ನ್ಯಾಟ್‌’ಗೆ, ಅಂದರೆ ಮನೆಯ ಹಲವು ಸಾಧನಗಳಿಗೆ ಒಂದೇ ಅಂತರ್ಜಾಲ ವಿಳಾಸ ಹಂಚುವ ವ್ಯವಸ್ಥೆಗೆ ಸಂಬಂಧಿಸಿದವು.

ಮೊದಲು ತಡವರಿಕೆಯನ್ನು ನೋಡೋಣ. ವೈಫೈಗೆ ಸೇರಿಸಿದ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರ್‌ನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1ಕ್ಕೆ, ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವ ಸಣ್ಣ ಸಂದೇಶ) ಕಳುಹಿಸಿ. ಉತ್ತರ 2, 3, 2 ಮಿಲಿಸೆಕೆಂಡ್ ಎಂದು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ 140ಕ್ಕೆ ಜಿಗಿದರೆ ದೋಷ ಮನೆಯೊಳಗೇ ಇದೆ. ಇಂಟರ್ನೆಟ್ ಕಂಪನಿಯನ್ನು ದೂರಿ ಫಲವಿಲ್ಲ. ಲ್ಯಾನ್ ಕೇಬಲ್ ಎಳೆಯುವುದೇ ಇದಕ್ಕೆ ಖಚಿತ ಪರಿಹಾರ. ಆಗದಿದ್ದರೆ 5 ಗಿಗಾಹರ್ಟ್ಜ್ ವೈಫೈಗೆ ಬದಲಿಸಿ, 2.4ರಲ್ಲೇ ಉಳಿಯಬೇಕಾದರೆ ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್‌ಗಳಲ್ಲಿ ನೆರೆಮನೆಯವರು ಕಡಿಮೆ ಬಳಸುತ್ತಿರುವುದನ್ನು ಆರಿಸಿ. ಕೇಬಲ್ ಹಾಕಿದ ಮೇಲೂ, ಮನೆಯಲ್ಲಿ ಯಾರದೋ ಫೋನಿನ ಫೋಟೊಗಳು ಅಪ್‌ಲೋಡ್ ಆಗುವಾಗ ಮಾತ್ರ ಆಟ ನಿಂತು ನಿಂತು ಸಾಗುತ್ತಿದ್ದರೆ, ರೂಟರ್‌ನ ಕ್ಯೂಒಎಸ್ (ಯಾವ ಬಳಕೆಗೆ ಎಷ್ಟು ವೇಗ, ಯಾವುದಕ್ಕೆ ಆದ್ಯತೆ ಎಂದು ನಿಗದಿಪಡಿಸುವ) ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾಗಿ ಸಿಗುವ ವೇಗಕ್ಕಿಂತ ಶೇ 10ರಷ್ಟು ಕಡಿಮೆ ಇಟ್ಟು ನೋಡಿ.

ನ್ಯಾಟ್ ವಿಷಯ ಇಷ್ಟು ಸರಳವಲ್ಲ. ಪ್ಲೇಸ್ಟೇಷನ್‌ನ ನೆಟ್‌ವರ್ಕ್ ಪರೀಕ್ಷೆಯಲ್ಲಿ ಟೈಪ್ 3 ಎಂದೋ, ಎಕ್ಸ್‌ಬಾಕ್ಸ್‌ನಲ್ಲಿ ಸ್ಟ್ರಿಕ್ಟ್ ಎಂದೋ ಬಂದರೆ ಹೊರಗಿನ ಆಟಗಾರರು ನಿಮ್ಮ ಸಾಧನವನ್ನು ನೇರವಾಗಿ ತಲುಪಲಾರರು ಎಂದು ತಿಳಿಯಬೇಕು. ರೂಟರ್‌ನ ಪುಟಕ್ಕೆ ಹೋಗಿ ಯುಪಿಎನ್‌ಪಿ (ಸಾಧನಗಳು ತಮಗೆ ಬೇಕಾದ ಪೋರ್ಟ್‌ಗಳನ್ನು, ಅಂದರೆ ಒಳಬರುವ ದಾರಿಗಳನ್ನು, ತಾವೇ ತೆರೆಸಿಕೊಳ್ಳುವ ವ್ಯವಸ್ಥೆ) ಆನ್ ಮಾಡಿ, ರೂಟರ್ ಮತ್ತು ಕನ್ಸೋಲ್ ಎರಡನ್ನೂ ಮರುಚಾಲನೆ ಮಾಡಿ. ಅದಕ್ಕೂ ಮೊದಲು ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಶನಿವಾರ ರಾತ್ರಿ ಬೇಸತ್ತು, ರೂಟರ್‌ನ ಹಿಂದಿನ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ರಿಸೆಟ್ ಮಾಡಿದ ನಾನು, ಅದರೊಳಗಿದ್ದ ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗಲು ಬೇಕಾದ) ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಅಳಿಸಿಹಾಕಿ ಸೋಮವಾರದವರೆಗೆ ನೆಟ್ ಇಲ್ಲದೆ ಕುಳಿತಿದ್ದೆ.

ಯುಪಿಎನ್‌ಪಿಯಿಂದ ಗುಣ ಕಾಣದಿದ್ದರೆ ಹಲವರು ನೇರವಾಗಿ ಪೋರ್ಟ್ ಫಾರ್ವರ್ಡಿಂಗ್‌ಗೆ, ಅಂದರೆ ಪೋರ್ಟ್‌ಗಳನ್ನು ತಾವೇ ಒಂದು ಸಾಧನಕ್ಕೆ ತಿರುಗಿಸುವ ಕೆಲಸಕ್ಕೆ, ಕೈ ಹಾಕುತ್ತಾರೆ. ಅದು ಆತುರ. ಮೊದಲು ರೂಟರ್‌ನ ಸ್ಟೇಟಸ್ ಪುಟದಲ್ಲಿರುವ ವ್ಯಾನ್ ಐಪಿಯನ್ನು (ರೂಟರ್‌ನ ಹೊರಬದಿಯ ವಿಳಾಸ), ಗೂಗಲ್‌ನಲ್ಲಿ ‘ನನ್ನ ಐಪಿ ಯಾವುದು’ ಎಂದು ಹುಡುಕಿದಾಗ ಸಿಗುವ ತಾಣಗಳು ತೋರಿಸುವ ಐಪಿವಿ4 (ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ) ವಿಳಾಸದೊಂದಿಗೆ ಹೋಲಿಸಿ.

ಎರಡೂ ಒಂದೇ ಆಗಿದ್ದರೆ ಪೋರ್ಟ್ ತೆರೆಯುವುದರಲ್ಲಿ ಅರ್ಥವಿದೆ. ಕನ್ಸೋಲ್‌ನ ಮ್ಯಾಕ್ ವಿಳಾಸಕ್ಕೆ (ಸಾಧನದ ಗುರುತಿನ ಸಂಖ್ಯೆ) ಒಂದು ಐಪಿಯನ್ನು ಕಾಯ್ದಿರಿಸಿ, ಆ ಐಪಿಗೆ ಪೋರ್ಟ್‌ಗಳನ್ನು ತಿರುಗಿಸಿ: ಎಕ್ಸ್‌ಬಾಕ್ಸ್‌ಗೆ ಮುಖ್ಯವಾದದ್ದು 3074, ಟಿಸಿಪಿ ಮತ್ತು ಯುಡಿಪಿ (ದತ್ತಾಂಶ ಸಾಗಿಸುವ ಎರಡು ವಿಧಾನಗಳು) ಎರಡೂ, ಪ್ಲೇಸ್ಟೇಷನ್‌ಗೆ ಟಿಸಿಪಿ 3478ರಿಂದ 3480, ಯುಡಿಪಿ 3478 ಮತ್ತು 3479. ಒಂದು ಪೋರ್ಟನ್ನು ಒಂದೇ ಸಾಧನಕ್ಕೆ ಕೊಡಲು ಸಾಧ್ಯವಾದ್ದರಿಂದ, ಒಂದೇ ಬಗೆಯ ಎರಡು ಕನ್ಸೋಲ್‌ಗಳಿರುವ ಮನೆಗೆ ಯುಪಿಎನ್‌ಪಿಯೇ ಮೇಲು. ಎಲ್ಲ ಪೋರ್ಟ್‌ಗಳನ್ನೂ ಒಂದೇ ಸಾಧನಕ್ಕೆ ತೆರೆದಿಡುವ ಡಿಎಂಜೆಡ್ ಆಯ್ಕೆಯನ್ನು ಕಂಪ್ಯೂಟರಿಗಂತೂ ಬಳಸಬೇಡಿ. ಅದು ಬೀದಿ ಬಾಗಿಲನ್ನು ಹಾರು ಹೊಡೆದು ಮಲಗಿದಂತೆ.

ವಿಳಾಸಗಳು ಬೇರೆಯಾಗಿದ್ದು ವ್ಯಾನ್ ಐಪಿ 192.168ರಿಂದ ಶುರುವಾಗಿದ್ದರೆ, ಫೈಬರ್‌ ಜೊತೆ ಬಂದ ಡಬ್ಬಿ ಮತ್ತು ನೀವು ಕೊಂಡ ರೂಟರ್ ಎರಡೂ ನ್ಯಾಟ್ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಮೊದಲನೆಯದನ್ನು ಬ್ರಿಡ್ಜ್ ಮೋಡ್‌ಗೆ (ನ್ಯಾಟ್ ಮಾಡದೆ ಸಂಪರ್ಕವನ್ನಷ್ಟೇ ದಾಟಿಸುವುದು) ಇಲ್ಲವೇ ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ನ್ಯಾಟ್ ಮಾಡದೆ ವೈಫೈಯನ್ನಷ್ಟೇ ಕೊಡುವುದು) ಹಾಕಿದರೆ ಸಾಕು. ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ಅದು ಸಿಜಿನ್ಯಾಟ್: ಅನೇಕ ಗ್ರಾಹಕರಿಗೆ ಒಂದೇ ವಿಳಾಸ ಹಂಚಲು ಕಂಪನಿಗಳಿಗಾಗಿ 2012ರಲ್ಲಿ ಮೀಸಲಿಟ್ಟ ಶ್ರೇಣಿ. 10ರಿಂದ ಶುರುವಾಗಿದ್ದು ಮನೆಯಲ್ಲಿ ಒಂದೇ ರೂಟರ್ ಇದ್ದರೂ ಬಹುಶಃ ಅದೇ ಸ್ಥಿತಿ. ಆಗ ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಕಂಪನಿಯ ಕಡೆಯ ಬಾಗಿಲು ಮುಚ್ಚಿಯೇ ಇರುತ್ತದೆ. ಗ್ರಾಹಕ ಸೇವೆಗೆ ಕರೆ ಮಾಡಿ ‘ಗೇಮ್ ಲ್ಯಾಗ್ ಆಗುತ್ತಿದೆ’ ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವೇ ಬರುತ್ತದೆ. ‘ನಮ್ಮದು ಸಿಜಿನ್ಯಾಟ್ ಹಿಂದಿದೆ, ಪಬ್ಲಿಕ್ ಐಪಿ ಬೇಕು, ತಿಂಗಳಿಗೆ ಎಷ್ಟಾಗುತ್ತದೆ?’ ಎಂದೇ ಕೇಳಿ.