ಸಿಇಟಿಗೆ ಮುಂಚೆ ಹಳೆಯ ಪತ್ರಿಕೆಗಳ ಜೊತೆ ನಾಲ್ಕು ವಾರ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೂರನೇ ದಿನ ಸಿಇಟಿಯ ಹಳೆಯ ಭೌತಶಾಸ್ತ್ರ ಪತ್ರಿಕೆಯೊಂದನ್ನು ಇಟ್ಟುಕೊಂಡು ಕೂತೆ. ಬೋರ್ಡ್ ಪರೀಕ್ಷೆ ಚೆನ್ನಾಗಿ ಆಗಿತ್ತು, ಧೈರ್ಯವೂ ಇತ್ತು. ಸಮಯ ಮುಗಿದಾಗ ನಾನು 41ನೇ ಪ್ರಶ್ನೆಯಲ್ಲಿದ್ದೆ. ಉಳಿದ 19 ಪ್ರಶ್ನೆಗಳನ್ನು ಓದಿಯೇ ಇರಲಿಲ್ಲ.

ಪಾಠ ಬರುತ್ತಿರಲಿಲ್ಲ ಅಂತಲ್ಲ. ಕೈ ಬೋರ್ಡ್ ಪರೀಕ್ಷೆಗೆ ಒಗ್ಗಿಹೋಗಿತ್ತು. ಸೂತ್ರ ಬರೆ, ಬೆಲೆ ಹಾಕು, ಒಂದೊಂದೇ ಹಂತ ಬಿಡಿಸು, ಕೊನೆಗೆ ಏಕಮಾನ ಬರೆ. ಅಲ್ಲಿ ಪ್ರತಿ ಹಂತಕ್ಕೂ ಅಂಕ ಸಿಗುತ್ತದೆ. ಸಿಇಟಿಯಲ್ಲಿ ಹಂತಗಳನ್ನು ಯಾರೂ ನೋಡುವುದಿಲ್ಲ. ನಾನು ಬರೆದಾಗ ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ. ಒಟ್ಟು 80 ನಿಮಿಷ, ಅದರಲ್ಲಿ ಉತ್ತರಿಸಲು ಸಿಗುತ್ತಿದ್ದದ್ದು 70. ಅಂದರೆ ಪ್ರಶ್ನೆಗೆ 70 ಸೆಕೆಂಡ್. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದು ಅರ್ಧ ಮುಗಿದಿತ್ತು, ಇನ್ನೊಂದಕ್ಕೆ ನಾಲ್ಕು ವಾರ ಇತ್ತು.

ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಹಳೆಯ ಪತ್ರಿಕೆಗಳೂ ಕೀ ಉತ್ತರಗಳೂ ಸಿಗುತ್ತವೆ. ಅವನ್ನೇ ಮುದ್ರಿಸಿಕೊಂಡೆ. ಬೇರೆ ಪುಸ್ತಕ ಕೊಳ್ಳಲಿಲ್ಲ. ವಾರಕ್ಕೆ ಮೂರು ಪತ್ರಿಕೆ, ಅದಕ್ಕಿಂತ ಜಾಸ್ತಿ ಬೇಡ ಅಂತ ನಿರ್ಧರಿಸಿದೆ. ಯಾಕೆಂದರೆ ಬರೆಯುವುದಕ್ಕೆ 80 ನಿಮಿಷ ಸಾಕು, ತಪ್ಪುಗಳ ಜೊತೆ ಕೂರುವುದಕ್ಕೆ ಅರ್ಧ ದಿನ ಬೇಕು. ದಿನಕ್ಕೆರಡು ಪತ್ರಿಕೆ ಬಿಡಿಸಿ ಸುಮ್ನೆ ಅಂಕ ಎಣಿಸಿಕೊಳ್ಳುವ ಗೆಳೆಯರಿದ್ದರು. ಅವರ ಅಂಕ ಮೂರು ವಾರ ಕಳೆದರೂ ಇದ್ದಲ್ಲೇ ಇತ್ತು.

ತಪ್ಪುಗಳಿಗೆ ಒಂದು ನೋಟ್‌ಬುಕ್ ಮಾಡಿದೆ. ಪ್ರತಿ ತಪ್ಪಿನ ಪಕ್ಕದಲ್ಲಿ ಕಾರಣ ಬರೆಯುತ್ತಿದ್ದೆ: ಪಾಠವೇ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕದಲ್ಲಿ ಎಡವಿದೆ, ಅಥವಾ ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲ. ಊಹಿಸಿ ಸರಿಯಾದದ್ದನ್ನೂ ಅಲ್ಲೇ ಬರೆದೆ. ಅದು ಸಿಕ್ಕ ಅಂಕವೇ ಹೊರತು ಬಂದ ಪಾಠ ಅಲ್ಲ, ಅಲ್ವಾ? ಎರಡನೇ ವಾರದ ಕೊನೆಗೆ ಪುಟ ತಿರುಗಿಸಿದಾಗ ಆಶ್ಚರ್ಯವಾಯಿತು. ರಸಾಯನಶಾಸ್ತ್ರದಲ್ಲಿ ಅರ್ಧಕ್ಕರ್ಧ ತಪ್ಪುಗಳು ಮೂರನೇ ಜಾತಿಯವು. 'ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ' ಅನ್ನುವಲ್ಲಿ ಸರಿಯಾದದ್ದನ್ನು ಗುರುತು ಹಾಕಿ ಬಂದಿದ್ದೆ. ಅಂದಿನಿಂದ 'ಅಲ್ಲ' ಕಂಡ ಕಡೆಯೆಲ್ಲ ಸುತ್ತ ಗೆರೆ ಎಳೆದೇ ಮುಂದೆ ಹೋಗುತ್ತಿದ್ದೆ.

ವೇಗ ಬಂದದ್ದು ಆಯ್ಕೆಗಳನ್ನು ಮೊದಲು ನೋಡುವುದನ್ನು ಕಲಿತ ಮೇಲೆ. ಇಂಟಿಗ್ರೇಷನ್ ಪ್ರಶ್ನೆ ಕಷ್ಟ ಅನ್ನಿಸಿದರೆ ನಾಲ್ಕು ಉತ್ತರಗಳನ್ನು ಡಿಫರೆನ್ಷಿಯೇಟ್ ಮಾಡಿ ನೋಡುವುದು ಎಷ್ಟೋ ಸಲ ಸುಲಭ. ಸಮೀಕರಣದಲ್ಲಿ x ಜಾಗಕ್ಕೆ 0 ಅಥವಾ 1 ಹಾಕಿದರೆ ಎರಡು ಆಯ್ಕೆ ತಾನಾಗಿಯೇ ಬಿದ್ದುಹೋಗುತ್ತವೆ. ಭೌತಶಾಸ್ತ್ರದಲ್ಲಿ ಕೇಳಿದ್ದು ವೇಗ, ಆದರೆ ಒಂದು ಆಯ್ಕೆಯ ಏಕಮಾನ ವೇಗದ್ದೇ ಅಲ್ಲ ಅಂದರೆ ಅದನ್ನು ಅಲ್ಲೇ ಹೊಡೆದುಹಾಕಬಹುದು. ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, ಹಾಗಾಗಿ π² ಅನ್ನು 10 ಅಂತ ಹಿಡಿದು ಅಂದಾಜು ಮಾಡುವುದೂ ರೂಢಿಯಾಯಿತು.

ವೃತ್ತ ತುಂಬುವ ಓಎಂಆರ್ ಉತ್ತರ ಹಾಳೆಯಲ್ಲೇ ಅಭ್ಯಾಸ ಮಾಡಿದ್ದಕ್ಕೆ ಇವತ್ತಿಗೂ ಸಮಾಧಾನ ಇದೆ. ಐದನೇ ಪತ್ರಿಕೆಯಲ್ಲಿ 23ನೇ ಪ್ರಶ್ನೆ ಬಿಟ್ಟು 24ಕ್ಕೆ ಹೋದೆ. ಉತ್ತರವನ್ನು ಮಾತ್ರ 23ರ ಸಾಲಿನಲ್ಲೇ ತುಂಬಿದೆ. ಗೊತ್ತಾಗುವಷ್ಟರಲ್ಲಿ 38 ದಾಟಿತ್ತು. ಪೆನ್ನಿನಲ್ಲಿ ತುಂಬಿದ ವೃತ್ತವನ್ನು ಅಳಿಸಲು ಬರುವುದಿಲ್ಲ. ನಿಜವಾದ ಪರೀಕ್ಷೆಯಲ್ಲಿ ಹೀಗಾಗಿದ್ದರೆ ಅನ್ನುವ ಯೋಚನೆಗೇ ಎದೆ ಝಲ್ಲೆಂದಿತು. ಆಮೇಲೆ ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಿಕೊಂಡು, ಒಂದು ಪುಟ ಮುಗಿದಾಗ ಒಟ್ಟಿಗೆ ತುಂಬಲು ಶುರು ಮಾಡಿದೆ. ತುಂಬುವಾಗ ಸಂಖ್ಯೆಯನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಗಣಿತವನ್ನು ಯಾವಾಗಲೂ ಬೆಳಿಗ್ಗೆ ಬಿಡಿಸುತ್ತಿದ್ದೆ. ವೇಳಾಪಟ್ಟಿ ನೋಡಿದರೆ ಗಣಿತ ಇದ್ದದ್ದು ಮಧ್ಯಾಹ್ನ 2.30ಕ್ಕೆ. ಆ ಹೊತ್ತಿಗೆ, ಊಟ ಮಾಡಿ, ಒಂದು ಪತ್ರಿಕೆ ಬರೆದು ನೋಡಿದೆ. ಎಂಟು ಅಂಕ ಕಡಿಮೆ ಬಂತು. ಕೊನೆಯ ವಾರ ಮೂರು ವಿಷಯಗಳನ್ನೂ ಅವುಗಳ ನಿಜವಾದ ಹೊತ್ತಿಗೇ ಬರೆದೆ. ಊಟ ಅರ್ಧ ಮಾಡಿದೆ. ಎರಡೇ ದಿನದಲ್ಲಿ ಮಂಪರು ಹೋಯಿತು.

ಪರೀಕ್ಷೆಯ ಹಿಂದಿನ ದಿನ ಪತ್ರಿಕೆ ಮುಟ್ಟಲಿಲ್ಲ. ಆಗ ಕಡಿಮೆ ಅಂಕ ಬಂದರೆ ರಾತ್ರಿ ನಿದ್ದೆ ಬರುವುದಿಲ್ಲ, ಸರಿಪಡಿಸಲು ಸಮಯವೂ ಇರುವುದಿಲ್ಲ. ಪರೀಕ್ಷೆಯ ದಿನ ಮನೆ ಬಿಡುವ ಮುಂಚೆ ಹಿಂದೆಯೇ ಬಿಡಿಸಿದ್ದ ಹತ್ತು ಸುಲಭದ ಪ್ರಶ್ನೆಗಳನ್ನು ಮತ್ತೆ ಬಿಡಿಸಿದೆ. ಹೊಸದನ್ನು ಕಲಿಯಲು ಅಲ್ಲ, ತಲೆಯನ್ನು ಆ ಓಟಕ್ಕೆ ಹೂಡಲು.

ಗಣಿತದಲ್ಲಿ ಕೊನೆಯ ಮೂರು ನಿಮಿಷ ಇದ್ದಾಗ ನಾಲ್ಕು ಪ್ರಶ್ನೆ ಉಳಿದಿದ್ದವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಲು ಕಾರಣವೇ ಇರಲಿಲ್ಲ. ಪ್ರತಿಯೊಂದರಲ್ಲೂ ಎರಡೆರಡು ಆಯ್ಕೆ ಹೊಡೆದುಹಾಕಿದೆ, ಉಳಿದದ್ದರಲ್ಲಿ ಒಂದನ್ನು ತುಂಬಿದೆ. ಗಂಟೆ ಹೊಡೆದಾಗ ಹಾಳೆಯಲ್ಲಿ 60 ಸಾಲೂ ತುಂಬಿತ್ತು.