ಹೊಸ ಬ್ರೌಸರ್ ಹಾಕಿ ನೋಡಿ, ಹಳೆಯದು ಅಲ್ಲೇ ಇರಲಿ

ಮಡಿಕೇರಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬೇಗ ಬಿಡುವುದಿಲ್ಲ. ತೋಟಕ್ಕೆ ಇಳಿಯಲಾಗದ ಮಧ್ಯಾಹ್ನ ಮನೆಯವರೆಲ್ಲ ಸರದಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಕಾಫಿ ರೇಟು, ಪಹಣಿ, ಹೋಂಸ್ಟೇ ಬುಕಿಂಗ್ ಎಲ್ಲವೂ ಒಂದೇ ಬ್ರೌಸರ್‌ನಲ್ಲಿ. ಪುಟ ತೆರೆಯದಿದ್ದರೆ ನೆಟ್‌ವರ್ಕ್‌ಗೆ ಬೈಯುತ್ತೇವೆ. ಒಮ್ಮೆ ಬ್ರೌಸರ್ ಬದಲಿಸಿಯೂ ನೋಡಬಹುದು, ಅಲ್ವಾ?

ಯಾವುದನ್ನು ಹಾಕುವುದು? ಕ್ರೋಮ್, ಎಡ್ಜ್, ಬ್ರೇವ್, ಒಪೇರಾ, ವಿವಾಲ್ಡಿ ಹೆಸರು ಬೇರೆಯಾದರೂ ಒಳಗಿರುವುದು ಕ್ರೋಮಿಯಂ ಎಂಬ ಒಂದೇ ಬುನಾದಿ. ಫೈರ್‌ಫಾಕ್ಸ್‌ನದು ಗೆಕೊ ಎಂಬ ಬೇರೆ ಎಂಜಿನ್, ಅಂದರೆ ಪುಟವನ್ನು ಪರದೆಗೆ ತರುವ ಒಳಭಾಗ. ಫೈರ್‌ಫಾಕ್ಸ್ 2004ರಿಂದ ಇದೆ, ಮೆನು ಕನ್ನಡದಲ್ಲೂ ಸಿಗುತ್ತದೆ. ಕ್ರೋಮ್ ಬಳಸಿದವರಿಗೆ ನಿಜವಾದ ವ್ಯತ್ಯಾಸ ಕಾಣಬೇಕಾದರೆ ಇದನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಬೆಳಿಗ್ಗೆ ಕರೆಂಟ್ ಇರುವಾಗಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತಬೇಡಿ, ಅದು ಜಾಹೀರಾತಾಗಿರಬಹುದು. ಫೈರ್‌ಫಾಕ್ಸ್ ಡಾಟ್ ಕಾಮ್ ಎಂದು ವಿಳಾಸದ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ. ಕಂಪ್ಯೂಟರ್ ಇನ್ನೂ ವಿಂಡೋಸ್ 7ರಲ್ಲಿದ್ದರೆ ಫೈರ್‌ಫಾಕ್ಸ್ 115 ಮಾತ್ರ ನಡೆಯುತ್ತದೆ. ಕ್ರೋಮ್ ಅಂತೂ 2023ರಲ್ಲೇ ಅದನ್ನು ಕೈಬಿಟ್ಟಿತು.

ಮೊದಲ ಸಲ ತೆರೆದಾಗ 'ಇದನ್ನೇ ಡೀಫಾಲ್ಟ್ ಮಾಡಲೇ', ಅಂದರೆ ಲಿಂಕ್ ಒತ್ತಿದಾಗಲೆಲ್ಲ ನಾನೇ ತೆರೆಯಲೇ ಎಂದು ಕೇಳುತ್ತದೆ. ಈಗ ಬೇಡ ಅನ್ನಿ. ಹಳೆ ಬ್ರೌಸರ್‌ನ ಬುಕ್‌ಮಾರ್ಕ್‌ಗಳನ್ನು ತರಲೇ ಎಂದರೆ ಸರಿ ಅನ್ನಿ. ಅವು ಹಳೆಯದರಲ್ಲೂ ಹಾಗೇ ಉಳಿಯುತ್ತವೆ. ಪಾಸ್‌ವರ್ಡ್‌ಗಳ ವಿಷಯದಲ್ಲಿ ಮಾತ್ರ ಹುಷಾರು. ಅವುಗಳನ್ನು ಫೈಲ್ ಆಗಿ ಹೊರತೆಗೆದು ಹಾಕಿದರೆ, ಆ ಫೈಲ್‌ನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಕೂಡ ಯಾರು ಬೇಕಾದರೂ ಓದುವಂತೆ ಇರುತ್ತದೆ. ಕೆಲಸ ಮುಗಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಇನ್ನು ಸೆಟ್ಟಿಂಗ್ಸ್. ನಮ್ಮೂರಿಗೆ ತೀರಾ ಬೇಕಾದದ್ದು ಒಂದಿದೆ: 'ಹಿಂದಿನ ಕಿಟಕಿಗಳು ಮತ್ತು ಟ್ಯಾಬ್‌ಗಳನ್ನು ತೆರೆ' ಎಂಬುದಕ್ಕೆ ಗುರುತು ಹಾಕಿ. ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ ನಾನು ಹನ್ನೊಂದು ಟ್ಯಾಬ್ ತೆರೆದು ಮಗಳ ಕಾಲೇಜು ಅರ್ಜಿ ತುಂಬುತ್ತಿದ್ದೆ. ಗಾಳಿಗೆ ಎಲ್ಲೋ ಮರ ಬಿತ್ತು, ಕರೆಂಟ್ ಹೋಯಿತು. ಸಂಜೆ ಬ್ರೌಸರ್ ತೆರೆದರೆ ಹನ್ನೊಂದೂ ಸಾಲಾಗಿ ಬಂದು ನಿಂತವು. ಅರ್ಜಿಯಲ್ಲಿ ತುಂಬಿದ್ದು ಮಾತ್ರ ಹೋಗಿತ್ತು. ಹಾಗಾಗಿ ಉದ್ದದ ಬರಹವನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು, ಸೇವ್ ಮಾಡಿ, ಆಮೇಲೆ ಅಂಟಿಸಿ.

ಕನ್ನಡ ಅಕ್ಷರ ಸಣ್ಣದಾಗಿ ಕಂಡರೆ ಫಾಂಟ್ ವಿಭಾಗದ 'ಅಡ್ವಾನ್ಸ್ಡ್' ಒತ್ತಿ. ಅಲ್ಲಿ ಕನ್ನಡಕ್ಕೇ ಬೇರೆ ಫಾಂಟ್, ಬೇರೆ ಗಾತ್ರ ಕೊಡಬಹುದು. ನಾನು ಎರಡು ಪಾಯಿಂಟ್ ಏರಿಸಿದ್ದೇನೆ. ಒತ್ತಕ್ಷರ ಈಗ ಕಣ್ಣು ಕಿರಿದು ಮಾಡದೆ ಓದಲು ಬರುತ್ತದೆ, ಇಂಗ್ಲಿಷ್ ಮೊದಲಿನಷ್ಟೇ ಇದೆ.

ಈಗ ಹೋಲಿಕೆ. ದಿನಾ ನೋಡುವ ನಾಲ್ಕೈದು ಪುಟಗಳನ್ನು ಮೊದಲು ಒಂದು ಬ್ರೌಸರ್‌ನಲ್ಲಿ, ಆಮೇಲೆ ಇನ್ನೊಂದರಲ್ಲಿ ತೆರೆಯಿರಿ. ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಯಾವ ಪುಟ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ಬರುತ್ತದೆ. ಇದು ಕ್ರೋಮ್‌ನಲ್ಲೂ ಇದೆ, ಫೈರ್‌ಫಾಕ್ಸ್‌ನಲ್ಲೂ ಇದೆ. ಎರಡರಲ್ಲೂ ಒಂದೇ ಪುಟ ಜಾಸ್ತಿ ತಿನ್ನುತ್ತಿದ್ದರೆ ಭಾರ ಪುಟದ್ದು, ಬ್ರೌಸರ್‌ನದಲ್ಲ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಆ್ಯಡ್-ಆನ್ ಹಾಕಿ ಅದೇ ಪುಟ ಮತ್ತೆ ನೋಡಿ. ಸಿಗ್ನಲ್ ಸೊರಗಿದ ದಿನ ಇದರ ಉಪಕಾರ ಗೊತ್ತಾಗುತ್ತದೆ.

ಪಹಣಿ ಪ್ರಿಂಟ್‌ಗೋ ಬ್ಯಾಂಕ್ ರಸೀದಿಗೋ ಹೊಸ ಕಿಟಕಿ ತೆರೆಯದಿದ್ದರೆ ಗಾಬರಿ ಬೇಡ. ಪಾಪ್-ಅಪ್ ತಡೆದಿದ್ದೇವೆ ಎಂದು ಮೇಲೊಂದು ಪಟ್ಟಿ ಬಂದಿರುತ್ತದೆ. ಆ ತಾಣಕ್ಕೆ ಮಾತ್ರ ಅನುಮತಿ ಕೊಡಿ.

ಎರಡು ವಾರ ಹೀಗೇ ನಡೆಯಲಿ. ಕೈ ತಾನಾಗಿ ಹೊಸದರ ಕಡೆ ಹೋಗುತ್ತಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ 'ಡೀಫಾಲ್ಟ್ ಆ್ಯಪ್ಸ್'ನಲ್ಲಿ ಅದನ್ನು ಆರಿಸಿ. ಹಿಡಿಸದಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ನಿಮ್ಮ ಹಳೆ ಬ್ರೌಸರ್ ಬಿಟ್ಟ ಜಾಗದಲ್ಲೇ ಇರುತ್ತದೆ.